ಮುಂದಿನ ಬಾಡಿಗೆದಾರರಿಗೆ

ಈ ಚೀಟಿ ಸಿಕ್ಕಿತೆಂದರೆ ಮೂರನೇ ಮಹಡಿ ಹತ್ತಿದ್ದೀರಿ,
ಸೂಟ್‌ಕೇಸನ್ನು ಹೊತ್ತುಕೊಂಡೇ ಬಂದಿರೆಂದು ನಂಬುತ್ತೇನೆ.
ನಾನು ಎಳೆದುಕೊಂಡು ಬಂದೆ, ರಾತ್ರಿ ಹತ್ತೂಕಾಲಿಗೆ,
ಕಲ್ಲುಹಾಸಿನ ಬೀದಿಯುದ್ದಕ್ಕೂ ಗಡಗಡ ಗಡಗಡ.
ಎದುರುಮನೆಯ ಒಂದು ಕಿಟಕಿ ತೆರೆಯಿತು.
ಯಾರೂ ಏನೂ ಅನ್ನಲಿಲ್ಲ. ಕಿಟಕಿ ಮುಚ್ಚಿತು.
ಅದೇ ಬೈಗುಳ.
ಅರ್ಥವಾಗಲು ನನಗೆ ಎರಡು ವಾರ ಹಿಡಿಯಿತು.

ಭಾನುವಾರ ಈ ಊರು ಮುಸುಕೆಳೆದು ಮಲಗುತ್ತದೆ.
ಶನಿವಾರವೇ ಹಾಲು, ಮೊಟ್ಟೆ, ಬೆಂಕಿಪೊಟ್ಟಣ ತಂದಿಡಿ.
ಖಾಲಿ ಸೀಸೆ ನಾಲ್ಕು ಹಿಡಿದು ನಾನು
ಗಾಜಿನ ತೊಟ್ಟಿಯತ್ತ ಹೊರಟಿದ್ದೆ.
ಕೆಳಮನೆಯ ಟೀಲೋ ಬ್ರಾಯರ್ ಅಡ್ಡ ನಿಂತು
"ಇವತ್ತು ಭಾನುವಾರ" ಅಂದ.
ವಾರ ಮರೆತ ಒಂಟಿ ಮುದುಕ, ಪಾಪ, ಎಂದುಕೊಂಡು
"ಹೌದು, ನಾಳೆ ಸೋಮವಾರ" ಅಂದೆ ಸಮಾಧಾನದ ದನಿಯಲ್ಲಿ.
"ಹಾಗಾದರೆ ನಾಳೆ" ಅಂದ.
ಸೀಸೆಗಳ ಜೊತೆ ಮೂರು ಮಹಡಿ ಮತ್ತೆ ಹತ್ತಿದೆ.

ಠೇವಣಿಯ ಬಾಟಲಿ ಬೇರೆ. ಅಂಗಡಿಗೆ ಮರಳಿಸಿದರೆ ಕಾಸು.
ನಿಲ್ದಾಣದಲ್ಲಿ ಕುಡಿದು ಮುಗಿಸಿದರೆ
ಬುಟ್ಟಿಯೊಳಗೆ ಎಸೆಯದೆ ಪಕ್ಕಕ್ಕೆ ನಿಲ್ಲಿಸಿ.
ಕತ್ತಲಾದ ಮೇಲೆ, ಇಸ್ತ್ರಿ ಕೋಟು ತೊಟ್ಟ ಒಬ್ಬಾಕೆ
ಟಾರ್ಚು ಹಿಡಿದು ಬರುತ್ತಾರೆ.
ಅವರ ಕೈ ಕಸದೊಳಗೆ ಹೋಗುವುದು ಬೇಡ.
ನೀವು ರೈಲಿನ ಹೊತ್ತು ನೋಡುತ್ತಿರುವಂತೆ ನಿಲ್ಲಿ.
ಅದು ಹೇಗೂ ತಡ.

ಕೆಂಪು ಮನುಷ್ಯ ನಿಂತಿರುವವರೆಗೆ ನೀವೂ ನಿಲ್ಲಿ,
ಕಣ್ಣು ಹಾಯುವಷ್ಟು ದೂರ ಕಾರಿಲ್ಲದಿದ್ದರೂ.
ಯಾವುದೋ ಕಿಟಕಿಯಲ್ಲಿ ಒಂದು ಮಗು ಎಚ್ಚರವಿದ್ದೀತು.

"ಹೇಗಿದ್ದೀರಿ?" ಎಂದು ಸುಮ್ಮಸುಮ್ಮನೆ ಕೇಳಬೇಡಿ.
ನಮ್ಮಲ್ಲಿ "ಊಟ ಆಯ್ತಾ" ಅನ್ನುವಂತೆ
ನಾನು ಕೇಳಿಬಿಟ್ಟೆ, ಮೆಟ್ಟಿಲ ಮೇಲೆ.
ಮನೆಯೊಡತಿ ಫ್ರೌ ವೆಸ್ಲಿಂಗ್ ಬುಟ್ಟಿ ಕೆಳಗಿಟ್ಟು ಯೋಚಿಸಿದರು.
ಆಮೇಲೆ ಹೇಳಿದರು: ಎಡ ಮೊಣಕಾಲು, ಅದರ ಎಕ್ಸ್-ರೇ,
ನದಿದಡದ ನೂಲಿನ ಗಿರಣಿಯಲ್ಲಿ ದುಡಿದ ಇಪ್ಪತ್ತೆರಡು ವರ್ಷ,
ದೇಶವೇ ಹೆಸರು ಕಳಚಿಕೊಂಡ ವರ್ಷ ಗಿರಣಿ ಮುಚ್ಚಿದ್ದು,
ಪಶ್ಚಿಮಕ್ಕೆ ಹೋದ ಗಂಡ, ಒಬ್ಬನೇ.
ನಲವತ್ತು ನಿಮಿಷ. ಉತ್ಪ್ರೇಕ್ಷೆ ಒಂದಿಲ್ಲ.
ಕೊನೆಗೆ "ನೀವು?" ಅಂದರು.
ನನ್ನಲ್ಲಿ ಉತ್ತರ ತಯಾರಿರಲಿಲ್ಲ.

ಹನ್ನೊಂದು ವಾರ ನಾನು ಅವರಿಗೆ "ನೀವು".
ನಮ್ಮ ನುಡಿಯಲ್ಲಿ ನೀವಿನಿಂದ ನೀನಿಗೆ
ಜಗಳದಲ್ಲೋ ಸಲುಗೆಯಲ್ಲೋ ಗೊತ್ತಾಗದೆ ಜಾರುತ್ತೇವೆ.
ಇಲ್ಲಿ ಅದೊಂದು ಬಾಗಿಲು.
ಹಿಡಿಕೆ ಇರುವುದು ಹಿರಿಯರ ಕಡೆಗೆ ಮಾತ್ರ.
ತಟ್ಟಬೇಡಿ.

ಇನ್ನು, ನೆಲ ನೋಡಿಕೊಂಡು ನಡೆಯಿರಿ.
ನಮ್ಮ ಹೊಸ್ತಿಲ ಮುಂದೆಯೇ, ಕಲ್ಲುಗಳ ನಡುವೆ
ಅಂಗೈಯಗಲದ ಹಿತ್ತಾಳೆ ಬಿಲ್ಲೆ ಎರಡಿವೆ.
"ಇಲ್ಲಿ ವಾಸವಿದ್ದರು" ಎಂದು ಶುರು.
ಫ್ಲೋರಾ. ಪಕ್ಕದಲ್ಲಿ ರೂತ್.
ಹುಟ್ಟಿದ ವರ್ಷ, ಒಯ್ದ ವರ್ಷ, ಒಂದು ಊರು.
ಕಳೆದು ನೋಡಿದೆ: ರೂತ್‌ಗೆ ಏಳು.

ನವೆಂಬರಿನ ಒಂದು ಸಂಜೆ, ಆ ಎಡ ಮೊಣಕಾಲನ್ನೇ ಊರಿ
ಫ್ರೌ ವೆಸ್ಲಿಂಗ್ ಬಟ್ಟೆಯಿಂದ ಉಜ್ಜುತ್ತಿದ್ದರು.
ಕಪ್ಪು ಬಿಡುತ್ತಿರಲಿಲ್ಲ.
ಮೂಲೆಯ ವಿಯೆಟ್ನಾಮಿ ಅಂಗಡಿಗೆ ಓಡಿ ಹುಣಸೆಹಣ್ಣು ತಂದೆ,
ಉಪ್ಪು ಬೆರೆಸಿ ಹಿಚುಕಿದೆ.
ಹಬ್ಬದ ಹಿಂದಿನ ದಿನ ಚೊಂಬು ಬೆಳಗುವವರ ಹಾಗೆ
ಇಬ್ಬರೂ ಬೀದಿಯಲ್ಲಿ ಕುಕ್ಕರುಗಾಲಲ್ಲಿ ಕೂತೆವು.
ಹಬ್ಬವಾಗಿರಲಿಲ್ಲ.
ಮೊದಲು ಹೊಳೆದದ್ದು ರೂತ್‌ಳ ಹೆಸರು.
ಅವರು ಬೆರಳು ಮೂಸಿ ನೋಡಿ, "ಹುಳಿ" ಅಂದರು.

ಆ ರಾತ್ರಿ ಆಲೂಗಡ್ಡೆ ಸೂಪಿನ ಪಕ್ಕ ಎರಡು ಪುಟ್ಟ ಗ್ಲಾಸು.
ತಾಗಿಸುವಾಗ ಗ್ಲಾಸು ನೋಡಬಾರದು, ಕಣ್ಣು ನೋಡಬೇಕು.
ಕೈ ಚಾಚಿ "ಇರ್ಮ್‌ಟ್ರೌಟ್" ಅಂದರು,
ಬಾಡಿಗೆ ಕರಾರಿನಲ್ಲಿ ನಾನದನ್ನು ಓದಿಯೇ ಇಲ್ಲವೆಂಬಂತೆ.
ನಾನೂ ನನ್ನ ಹೆಸರು ಹೇಳಿದೆ.
ಮೊದಲ ಸಲ ಕೇಳಿದಂತಿತ್ತು, ನನಗೂ.

ಹೀಟರಿನ ತಿರುಗಣೆ ಮೂರು ದಾಟುವುದು ಬೇಡ.
ಬೆಳಿಗ್ಗೆ ಹತ್ತು ನಿಮಿಷ ಕಿಟಕಿ ಪೂರಾ ತೆರೆಯಿರಿ,
ಹಿಮ ಬೀಳುತ್ತಿದ್ದರೂ. ಕೆಳಗಿನಿಂದ ನೋಡುತ್ತಾರೆ.
ಉಳಿದ ಹುಣಸೆ ಮೇಜಿನ ಎಡಗಡೆ ಖಾನೆಯಲ್ಲಿದೆ,
ಕಾಗದದಲ್ಲಿ ಸುತ್ತಿ.
ಸಾರು ಮಾಡಿ ಮುಗಿಸಿಬಿಡಬೇಡಿ.
ನವೆಂಬರಿಗೆ ಬೇಕು.